ಮಾತ್ರೆ ಒಂದು, ಹೆಸರು ಹಲವು

ಬೆಂಗಳೂರು–ಮಂಗಳೂರು ಹೆದ್ದಾರಿಯ ಬೆಳ್ಳೂರು ಕ್ರಾಸ್‌ನಲ್ಲಿ ಸಂಜೆ ಹೊತ್ತು ಬಸ್ಸು ಹತ್ತಿ ಇಳಿಯುವವರ ಗದ್ದಲ. ಆದಿಚುಂಚನಗಿರಿಗೆ ಹೊರಟ ಭಕ್ತರು, ಬಿ.ಜಿ. ನಗರದ ಆಸ್ಪತ್ರೆಗೆ ಬಂದು ಹೋಗುವ ರೋಗಿಗಳು, ನಾಗಮಂಗಲದ ಕಡೆಯ ಬಸ್ಸಿಗೆ ಕಾದವರು. ಇಂತಹ ಯಾವ ಊರಿನಲ್ಲೇ ಆಗಲಿ, ಔಷಧಿ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತವರಿಗೆ ಒಂದು ದೃಶ್ಯ ಕಾಣಸಿಗುತ್ತದೆ. ಜ್ವರದ ಮಾತ್ರೆ, ಮಗುವಿನ ಕೆಮ್ಮಿನ ಔಷಧಿ ಬೇಕಾದವರು ಗಟ್ಟಿಯಾಗಿ ಕೇಳುತ್ತಾರೆ. ಒಬ್ಬ ಮಾತ್ರ ಪಕ್ಕಕ್ಕೆ ಸರಿದು, ಎಲ್ಲರೂ ಹೋಗಲೆಂದು ಕಾಯುತ್ತಾನೆ. ಅಂಗಡಿ ಖಾಲಿಯಾದ ಮೇಲೆ ಮೆಲುದನಿಯಲ್ಲಿ ‘ಆ ಮಾತ್ರೆ’ ಎನ್ನುತ್ತಾನೆ. ಅಂಗಡಿಯವನು ಕೇಳುವುದು ಒಂದೇ ಪ್ರಶ್ನೆ: ‘ಅಣ್ಣ, ಕಂಪ್ನೀದು ಕೊಡ್ಲಾ, ಕಮ್ಮೀದು ಸಾಕಾ?’

ವೈದ್ಯರ ಚೀಟಿಯ ಮಾತನ್ನು ಇಬ್ಬರೂ ಎತ್ತುವುದಿಲ್ಲ. ಕಾನೂನಿನ ಪ್ರಕಾರ ಈ ಮಾತ್ರೆ ‘ಶೆಡ್ಯೂಲ್ ಎಚ್’ ಪಟ್ಟಿಗೆ ಸೇರಿದ್ದು, ಚೀಟಿಯಿಲ್ಲದೆ ಮಾರುವಂತಿಲ್ಲ. ಆದರೆ ನಿಮಿರು ದೌರ್ಬಲ್ಯದ ವಿಷಯದಲ್ಲಿ ‘ಬಾಯಿ ಬಿಟ್ಟರೆ ಬಣ್ಣಗೇಡು’ ಎಂಬ ಗಾದೆಯೇ ಕಾನೂನಿಗಿಂತ ಬಲವಾಗಿದೆ. ಹೀಗಾಗಿ ಗಿರಾಕಿಯ ಮುಂದೆ ಉಳಿಯುವುದು ಬೆಲೆಯ ಪ್ರಶ್ನೆ ಮಾತ್ರ. ಹೆಸರಾದ ಕಂಪೆನಿಯ ಮಾತ್ರೆಯೋ, ಅಗ್ಗದ ಜನರಿಕ್ಕೋ, ಯಾರೋ ಕಲಸಿ ಪೊಟ್ಟಣ ಕಟ್ಟಿಕೊಡುವ ಮದ್ದೋ? ಮೂರರ ನಡುವಿನ ವ್ಯತ್ಯಾಸವಾದರೂ ಏನು?

ಎದೆನೋವಿಗೆ ಹುಡುಕಿದ ಮದ್ದು

ಈ ಮಾತ್ರೆ ಹುಟ್ಟಿದ್ದೇ ಆಕಸ್ಮಿಕವಾಗಿ. ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದಲ್ಲಿ ಸ್ಯಾಂಡ್‌ವಿಚ್ ಎಂಬ ಊರಿದೆ. ಅಲ್ಲಿನ ಫೈಜರ್ ಕಂಪೆನಿಯ ಪ್ರಯೋಗಾಲಯದಲ್ಲಿ 1980ರ ದಶಕದ ಕೊನೆಯಲ್ಲಿ ವಿಜ್ಞಾನಿಗಳು ಹುಡುಕುತ್ತಿದ್ದುದು ಎದೆನೋವಿಗೆ ಮದ್ದನ್ನು. ಸಿಲ್ಡೆನಾಫಿಲ್ ಎಂಬ ವಸ್ತು ಎದೆನೋವಿಗೆ ಅಷ್ಟಾಗಿ ಒದಗಲಿಲ್ಲ. ಆದರೆ ಪರೀಕ್ಷೆಗೆ ಒಳಗಾದ ಗಂಡಸರು ಬೇರೊಂದು ಪರಿಣಾಮವನ್ನು ಹೇಳಿಕೊಂಡರು. ಆ ಅಡ್ಡ ಪರಿಣಾಮವೇ ಮುಖ್ಯ ಪರಿಣಾಮವಾಗಿ, 1998ರ ಮಾರ್ಚ್ 27ರಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ‘ವಯಾಗ್ರ’ ಎಂಬ ಹೆಸರಿನ ನೀಲಿ ಮಾತ್ರೆಗೆ ಒಪ್ಪಿಗೆ ಕೊಟ್ಟಿತು. 2003ರಲ್ಲಿ ಇದೇ ಕುಲದ ವಾರ್ಡೆನಾಫಿಲ್ ಮತ್ತು ಟಡಾಲಾಫಿಲ್ ಅಲ್ಲಿನ ಮಾರುಕಟ್ಟೆಗೆ ಬಂದವು.

ಮಾತ್ರೆ ಕೆಲಸ ಮಾಡುವ ಬಗೆಯನ್ನು ನಾಲೆಯ ನೀರು ಕಂಡ ಮಂಡ್ಯದ ರೈತನಿಗೆ ವಿವರಿಸುವುದು ಕಷ್ಟವಲ್ಲ. ಮನಸ್ಸು ಉದ್ದೀಪನಗೊಂಡಾಗ ನರಗಳ ತುದಿಯಿಂದ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಹೊರಬರುತ್ತದೆ. ಅದು ತೂಬು ತೆರೆಯುವವನು. ರಕ್ತನಾಳಗಳ ಸ್ನಾಯು ಸಡಿಲಗೊಂಡು ರಕ್ತ ತುಂಬುತ್ತದೆ. ಸ್ವಲ್ಪ ಹೊತ್ತಿಗೆ ಪಿಡಿಇ-5 ಎಂಬ ಕಿಣ್ವ ಬಂದು ತೂಬು ಮುಚ್ಚುತ್ತದೆ. ಸಿಲ್ಡೆನಾಫಿಲ್ ಮಾಡುವುದು ಇಷ್ಟೇ: ಮುಚ್ಚಲು ಬಂದವನ ಕೈ ಹಿಡಿದು ನಿಲ್ಲಿಸುತ್ತದೆ. ತೂಬು ತೆರೆಯುವವನೇ ಬರದಿದ್ದರೆ ಮುಚ್ಚುವವನ ಕೈ ಹಿಡಿದು ಪ್ರಯೋಜನವಿಲ್ಲ. ಆದ್ದರಿಂದಲೇ ಈ ಮಾತ್ರೆ ಇಲ್ಲದ ಆಸೆಯನ್ನು ಹುಟ್ಟಿಸುವುದಿಲ್ಲ, ಮಕ್ಕಳಾಗದಿರುವುದಕ್ಕೂ ಮದ್ದಲ್ಲ. ನೈಟ್ರಿಕ್ ಆಕ್ಸೈಡಿನ ಈ ಕೆಲಸವನ್ನು ಕಂಡುಹಿಡಿದ ಫರ್ಚ್‌ಗಾಟ್, ಇಗ್ನಾರೋ ಮತ್ತು ಮುರಾದ್ ಎಂಬ ಮೂವರು ವಿಜ್ಞಾನಿಗಳಿಗೆ ವಯಾಗ್ರ ಬಂದ 1998ರಲ್ಲೇ ವೈದ್ಯಕೀಯ ನೊಬೆಲ್ ದೊರೆತದ್ದು ಒಂದು ಸ್ವಾರಸ್ಯ.

‘ಕಂಪ್ನೀದು’ ಎಂದರೆ ಯಾವುದು?

ಪ್ರತಿಯೊಂದು ಔಷಧಿಗೂ ಎರಡು ಹೆಸರು. ಒಳಗಿರುವ ವಸ್ತುವಿನ ಹೆಸರು ಒಂದು, ಅದೇ ಜನರಿಕ್ ಹೆಸರು. ಕಂಪೆನಿ ಇಟ್ಟ ಮಾರಾಟದ ಹೆಸರು ಇನ್ನೊಂದು. ಸಿಲ್ಡೆನಾಫಿಲ್ ವಸ್ತು; ವಯಾಗ್ರ ಬ್ರಾಂಡು. ಹೊಸ ಔಷಧಿ ಕಂಡುಹಿಡಿದ ಕಂಪೆನಿಗೆ ಪೇಟೆಂಟ್ ಎಂಬ ಹಕ್ಕು ಇರುವವರೆಗೆ ಬೇರೆಯವರು ಅದನ್ನು ತಯಾರಿಸುವಂತಿಲ್ಲ. ಆ ಏಕಸ್ವಾಮ್ಯದಲ್ಲಿ ಸಂಶೋಧನೆಯ ಖರ್ಚೂ ಲಾಭವೂ ಬೆಲೆಯೊಳಗೆ ಸೇರುತ್ತವೆ. ಹಕ್ಕಿನ ಅವಧಿ ಮುಗಿದ ಮೇಲೆ ಬೇರೆ ಕಂಪೆನಿಗಳು ಅದೇ ವಸ್ತುವನ್ನು ತಯಾರಿಸಿದರೆ ಅದು ಜನರಿಕ್. ಅಮೆರಿಕದಲ್ಲಿ ವಯಾಗ್ರದ ಜನರಿಕ್ ಮಾತ್ರೆ ಅಂಗಡಿಗೆ ಬಂದದ್ದು 2017ರ ಡಿಸೆಂಬರ್‌ನಲ್ಲಿ. ಆಗ ಫೈಜರ್ ಕಂಪೆನಿಯೇ ನೀಲಿ ಬಣ್ಣ ಬಿಟ್ಟು, ಬಿಳಿ ಬಣ್ಣದಲ್ಲಿ ಅದೇ ಮಾತ್ರೆಯನ್ನು ಕಡಿಮೆ ಬೆಲೆಗೆ ಮಾರಲು ಮುಂದಾಯಿತು.

ಭಾರತದ ಕತೆಯೇ ಬೇರೆ. ನ್ಯಾಯಮೂರ್ತಿ ಎನ್. ರಾಜಗೋಪಾಲ ಅಯ್ಯಂಗಾರ್ ಅವರು 1959ರಲ್ಲಿ ಕೊಟ್ಟ ವರದಿಯ ಜಾಡಿನಲ್ಲಿ ರೂಪುಗೊಂಡ 1970ರ ಪೇಟೆಂಟ್ ಕಾಯಿದೆ, ಔಷಧಿಯ ಮೇಲೆ ಹಕ್ಕು ಕೊಡಲು ಒಪ್ಪಲಿಲ್ಲ. ತಯಾರಿಸುವ ವಿಧಾನಕ್ಕೆ ಮಾತ್ರ ಹಕ್ಕು ಕೊಟ್ಟಿತು. ಬೇರೊಂದು ವಿಧಾನದಲ್ಲಿ ಅದೇ ವಸ್ತುವನ್ನು ಮಾಡಿದರೆ ತಪ್ಪಾಗುತ್ತಿರಲಿಲ್ಲ. ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದದಂತೆ 2005ರಲ್ಲಿ ಕಾಯಿದೆ ಬದಲಾಯಿತಾದರೂ, 1990ರ ದಶಕದ ಆರಂಭದ ಸಿಲ್ಡೆನಾಫಿಲ್ ಹೊಸ ಹಕ್ಕಿನ ಬೇಲಿಯೊಳಗೆ ಬರಲಿಲ್ಲ. ಹೀಗಾಗಿ 2001ರ ಹೊತ್ತಿಗೇ ಝೈಡಸ್ ಕ್ಯಾಡಿಲಾದ ಪೆನೆಗ್ರ, ರ‍್ಯಾನ್‌ಬ್ಯಾಕ್ಸಿಯ ಕ್ಯಾವೆರ್ಟಾ ಮೊದಲಾದ ದೇಶೀ ಮಾತ್ರೆಗಳು ಇಲ್ಲಿನ ಅಂಗಡಿಗಳಿಗೆ ಬಂದಿದ್ದವು. ಮೂಲ ವಯಾಗ್ರ ಭಾರತಕ್ಕೆ ಕಾಲಿಟ್ಟದ್ದು 2005ರ ಕೊನೆಯಲ್ಲಿ, ದೇಶೀ ಮಾತ್ರೆಗಳಿಗಿಂತ ಹಲವು ಪಟ್ಟು ಹೆಚ್ಚಿನ ಬೆಲೆಯೊಂದಿಗೆ. 2020ರಿಂದ ಆ ಬ್ರಾಂಡು ವಯಾಟ್ರಿಸ್ ಎಂಬ ಕಂಪೆನಿಯ ಕೈಯಲ್ಲಿದೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಬೆಳ್ಳೂರಿನಲ್ಲೋ ಕೆ.ಆರ್. ಪೇಟೆಯಲ್ಲೋ ‘ಕಂಪ್ನೀದು’ ಎಂದು ಕೈಗೆ ಬರುವ ಮಾತ್ರೆಯೂ ಬಹುತೇಕ ಜನರಿಕ್ಕೇ! ಅದಕ್ಕೆ ಕಂಪೆನಿಯೊಂದು ತನ್ನದೇ ಹೆಸರಿಟ್ಟು, ಪ್ರತಿನಿಧಿಗಳ ಮೂಲಕ ವೈದ್ಯರಿಗೆ ಪರಿಚಯಿಸಿರುತ್ತದೆ. ಇದನ್ನು ‘ಬ್ರಾಂಡೆಡ್ ಜನರಿಕ್’ ಎನ್ನುತ್ತಾರೆ. ‘ಕಮ್ಮೀದು’ ಎಂಬುದು ಪ್ರತಿನಿಧಿಗಳ ಓಡಾಟವಿಲ್ಲದೆ ನೇರವಾಗಿ ಅಂಗಡಿಗೆ ಬರುವ ಮಾಲು. ಅದರ ಮೇಲೆ ಅಂಗಡಿಯವನಿಗೆ ಸಿಗುವ ಅಂತರ ಹೆಚ್ಚು. ಪಟ್ಟಿಯ ಮೇಲೆ ಅಚ್ಚಾದ ಗರಿಷ್ಠ ಬೆಲೆ ಮಾತ್ರ ಕೆಲವೊಮ್ಮೆ ಬ್ರಾಂಡಿನಷ್ಟೇ ಇರುವುದೂ ಉಂಟು. ಆದ್ದರಿಂದ ಅಗ್ಗದ ಮಾಲು ಗಿರಾಕಿಗೂ ಅಗ್ಗವಾಗಿಯೇ ಸಿಗುತ್ತದೆ ಎನ್ನುವಂತಿಲ್ಲ. ಈ ಅಂತರವನ್ನು ಗಿರಾಕಿಗೆ ದಾಟಿಸಲೆಂದೇ 2008ರ ನವೆಂಬರ್‌ನಲ್ಲಿ ಅಮೃತಸರದಲ್ಲಿ ಮೊದಲ ಜನೌಷಧಿ ಮಳಿಗೆ ತೆರೆಯಿತು. ಬ್ರಾಂಡುಗಳಿಗಿಂತ ಶೇ 50ರಿಂದ 80ರಷ್ಟು ಕಡಿಮೆ ಬೆಲೆ ಎಂಬುದು ಈ ಯೋಜನೆಯ ಬಗ್ಗೆ ಸರ್ಕಾರದ ಹೇಳಿಕೆ.

ಹಿತ್ತಲ ಗಿಡ ಮದ್ದಲ್ಲವೇ?

ಬೆಲೆ ಕಡಿಮೆಯಾದರೆ ಗುಣವೂ ಕಡಿಮೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆ ಹುಟ್ಟಿದ್ದು ಸುಮ್ಮನೆ ಅಲ್ಲ. ಜನರಿಕ್ ಮಾತ್ರೆಯನ್ನು ಮೂಲ ಔಷಧಿಯೊಂದಿಗೆ ಹೋಲಿಸಲು ಒಂದು ಪರೀಕ್ಷೆ ಇದೆ. ಎರಡನ್ನೂ ಆರೋಗ್ಯವಂತರಿಗೆ ಬೇರೆ ಬೇರೆ ದಿನ ಕೊಟ್ಟು, ರಕ್ತದಲ್ಲಿ ಎಷ್ಟು ಮದ್ದು, ಎಷ್ಟು ಹೊತ್ತಿಗೆ ಸೇರಿತು ಎಂದು ಅಳೆಯುತ್ತಾರೆ. ಅಂಕಿಅಂಶದ ಲೆಕ್ಕದಲ್ಲಿ ಇವೆರಡರ ಹೋಲಿಕೆ ಶೇ 80ರಿಂದ 125ರ ಗಡಿಯೊಳಗೆ ನಿಲ್ಲಬೇಕು. ಮದ್ದನ್ನು ಶೇ 20ರಷ್ಟು ಕಡಿಮೆ ಹಾಕಬಹುದು ಎಂದು ಇದನ್ನು ಅರ್ಥ ಮಾಡಿಕೊಳ್ಳಬಾರದು. ಮಾತ್ರೆಯೊಳಗಿನ ಮದ್ದಿನ ಪ್ರಮಾಣಕ್ಕೆ ಬೇರೆಯೇ ಮಿತಿಗಳಿವೆ. ಪಟ್ಟಿಯ ಮೇಲೆ ಔಷಧಿಯ ಹೆಸರಿನ ಮುಂದಿರುವ ‘ಐ.ಪಿ.’ ಎಂಬ ಎರಡು ಅಕ್ಷರ, ಇಂಡಿಯನ್ ಫಾರ್ಮಕೋಪಿಯಾ ವಿಧಿಸಿದ ಆ ಮಿತಿಗಳಿಗೆ ತಯಾರಕ ಬದ್ಧ ಎಂಬುದರ ಗುರುತು.

ಹಾಗಾದರೆ ಅನುಮಾನಕ್ಕೆ ಆಧಾರವೇ ಇಲ್ಲವೇ? ಇದೆ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ, ಅವರಿಗೆ ಏರಿಸಿದ್ದ ದ್ರಾವಣದ ಗುಣಮಟ್ಟದ ಮೇಲೆ ಸಂಶಯ ಎದ್ದಿತು. ರಾಜ್ಯ ಸರ್ಕಾರ ಅದರ ಬಳಕೆಯನ್ನು ನಿಲ್ಲಿಸಿತು. ಆದರೆ ದೊಡ್ಡ ಹೆಸರೇ ರಕ್ಷೆ ಎನ್ನುವಂತೆಯೂ ಇಲ್ಲ. ಒಂದು ಕಾಲಕ್ಕೆ ದೇಶದ ಅತಿ ದೊಡ್ಡ ಔಷಧ ಕಂಪೆನಿಗಳಲ್ಲಿ ಒಂದಾಗಿದ್ದ ರ‍್ಯಾನ್‌ಬ್ಯಾಕ್ಸಿ, ಔಷಧಿ ತಯಾರಿಕೆಯ ಲೋಪಗಳಿಗೂ ಸುಳ್ಳು ಮಾಹಿತಿಗೂ ಸಂಬಂಧಿಸಿ 2013ರಲ್ಲಿ ಅಮೆರಿಕದಲ್ಲಿ ತಪ್ಪೊಪ್ಪಿಕೊಂಡು 50 ಕೋಟಿ ಡಾಲರ್ ತೆತ್ತಿತು. ಮದ್ದು ಕೆಡುವುದು ಬೆಲೆ ಇಳಿದಾಗ ಅಲ್ಲ, ಪರೀಕ್ಷೆ ತಪ್ಪಿದಾಗ ಎಂಬುದನ್ನು ಈ ಎರಡು ಪ್ರಕರಣಗಳೂ ತೋರಿಸುತ್ತವೆ.

ವೈದ್ಯರು ಸಾಧ್ಯವಾದಷ್ಟೂ ಜನರಿಕ್ ಹೆಸರನ್ನೇ ಬರೆಯಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತಿನ ನಿಯಮ 2002ರಲ್ಲೇ ಹೇಳಿತ್ತು. 2023ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಇದನ್ನು ಕಡ್ಡಾಯ ಮಾಡಹೊರಟಾಗ, ಎಲ್ಲ ಜನರಿಕ್‌ಗಳ ಗುಣಮಟ್ಟಕ್ಕೆ ಹೊಣೆ ಯಾರು ಎಂದು ವೈದ್ಯರ ಸಂಘಗಳು ಕೇಳಿದವು. ಅದೇ ತಿಂಗಳು ಆಯೋಗ ನಿಯಮವನ್ನು ತಡೆಹಿಡಿಯಿತು.

ಕಾಂಪೌಂಡರ್ ಕಲಸಿಕೊಟ್ಟದ್ದು

ಮೂರನೆಯದು ಕಲಸಿದ ಮದ್ದು. ಕಾರ್ಖಾನೆಯಲ್ಲಿ ಲಕ್ಷಗಟ್ಟಲೆ ತಯಾರಾಗದೆ, ಒಬ್ಬ ರೋಗಿಗೆಂದು ಕೈಯಲ್ಲಿ ಸಿದ್ಧವಾಗುವ ಔಷಧಿ ಇದು. ಹಳೆಯ ತಲೆಮಾರಿಗೆ ಇದು ಹೊಸದೇನಲ್ಲ. ಮನೆಯಿಂದಲೇ ಬಾಟಲಿ ಒಯ್ದು, ಆಸ್ಪತ್ರೆಯ ಕಿಂಡಿಯಲ್ಲಿ ಚಾಚಿ, ಕಾಂಪೌಂಡರ್ ಸುರಿದುಕೊಟ್ಟ ಕೆಂಪು ಮಿಕ್ಸ್‌ಚರನ್ನು ಜೋಪಾನವಾಗಿ ತಂದವರು ಈಗಲೂ ಹಳ್ಳಿಗಳಲ್ಲಿದ್ದಾರೆ. ಬಾಟಲಿಗೆ ಅಂಟಿಸಿದ ಕಾಗದದ ಪಟ್ಟಿಯ ಕಚ್ಚುಗಳೇ ಒಂದೊಂದು ಹೊತ್ತಿನ ಅಳತೆ. ಯಾರು ಬೇಕಾದರೂ ಔಷಧಿ ಕಲಸುವುದನ್ನು ತಡೆದು, ಓದಿ ನೋಂದಾಯಿಸಿಕೊಂಡವರೇ ಆ ಕೆಲಸ ಮಾಡಬೇಕೆಂಬ ಉದ್ದೇಶದಿಂದ 1948ರಲ್ಲಿ ಫಾರ್ಮಸಿ ಕಾಯಿದೆ ಬಂದಿತು. ಕಾಂಪೌಂಡರ್ ಕುರ್ಚಿಯಲ್ಲಿ ಫಾರ್ಮಸಿಸ್ಟ್ ಕೂತ. ಆದಿಚುಂಚನಗಿರಿಯ ಮಗ್ಗುಲಿನ ಬಿ.ಜಿ. ನಗರದಲ್ಲೇ ಇಂದು ಆ ವಿದ್ಯೆ ಕಲಿಸುವ ಕಾಲೇಜಿದೆ. ಕಾರ್ಖಾನೆಯ ಮಾತ್ರೆ ಬಂದ ಮೇಲೆ ಕಲಸುವ ಕೆಲಸವೇ ಅಪರೂಪವಾಯಿತು.

ಅಮೆರಿಕದಲ್ಲಿ ಈ ಪದ್ಧತಿ ಈಗ ಹೊಸ ರೂಪದಲ್ಲಿ ಮರಳಿದೆ. ಸಿಲ್ಡೆನಾಫಿಲ್ ಮತ್ತು ಟಡಾಲಾಫಿಲ್ ಎರಡನ್ನೂ ಒಂದೇ ಗುಳಿಗೆಯಲ್ಲಿ ಬೆರೆಸಿ, ಅಗಿಯುವ ಮಿಠಾಯಿಯಂತೆ ಮಾಡಿ ಅಂಚೆಯಲ್ಲಿ ಕಳುಹಿಸುವ ಔಷಧಾಲಯಗಳಿವೆ. ಕಲಸಿದ ಮದ್ದಿಗೆ ನ್ಯಾಯವಾದ ಉಪಯೋಗವೂ ಉಂಟು. ಮಾತ್ರೆಯ ಬಣ್ಣವೋ ಅಂಟೋ ಒಗ್ಗದವರಿಗೆ, ನುಂಗಲಾಗದವರಿಗೆ ಅದು ಬೇಕಾಗುತ್ತದೆ. ಮಾತ್ರೆಗೆ ಬಗ್ಗದ ತೊಂದರೆಗೆ ಮೂತ್ರರೋಗ ತಜ್ಞರು ಬಳಸುವ ಮೂರು ಔಷಧಿಗಳ ಮಿಶ್ರ ಚುಚ್ಚುಮದ್ದು ಇಂತಹದೇ. ಆದರೆ ಜನರಿಕ್ ಮಾತ್ರೆಗೆ ಇರುವ ಪೂರ್ವಪರೀಕ್ಷೆ ಇದಕ್ಕಿಲ್ಲ. ಎರಡು ಔಷಧಿ ಒಂದಾದಾಗ ರಕ್ತದಲ್ಲಿ ಹೇಗೆ ವರ್ತಿಸುತ್ತವೆ ಎಂಬುದನ್ನು ಯಾವ ಸರ್ಕಾರಿ ಸಂಸ್ಥೆಯೂ ಮೊದಲೇ ನೋಡಿರುವುದಿಲ್ಲ. 2012ರಲ್ಲಿ ಮಸಾಚುಸೆಟ್ಸ್ ರಾಜ್ಯದ ಔಷಧಾಲಯವೊಂದು ಬೆನ್ನುನೋವಿಗೆ ಕಲಸಿ ಕಳುಹಿಸಿದ ಚುಚ್ಚುಮದ್ದಿನಲ್ಲಿ ಶಿಲೀಂಧ್ರ ಸೇರಿ, ಮಿದುಳಿನ ಪೊರೆಯ ಸೋಂಕಿನಿಂದ 60ಕ್ಕೂ ಹೆಚ್ಚು ಜನ ಸತ್ತರು. ಮರುವರ್ಷವೇ ಅಮೆರಿಕ ಈ ಬಗ್ಗೆ ಹೊಸ ಕಾನೂನು ಮಾಡಿತು.

ಪೊಟ್ಟಣದೊಳಗಿನ ಗುಟ್ಟು

ನಮ್ಮ ಕಡೆ ಕಲಸಿದ ಮದ್ದಿನ ಜಾಗದಲ್ಲಿ ನಿಂತಿರುವುದು ಹೆಸರಿಲ್ಲದ ಪುಡಿ ಮತ್ತು ಲೇಹ್ಯ. ಇದರ ಬೇರು ಹಳೆಯದು. ಆಯುರ್ವೇದದ ಎಂಟು ಅಂಗಗಳಲ್ಲಿ ವಾಜೀಕರಣವೂ ಒಂದು. ‘ವಾಜಿ’ ಎಂದರೆ ಕುದುರೆ. ಚರಕಸಂಹಿತೆಯ ಚಿಕಿತ್ಸಾಸ್ಥಾನದ ಎರಡನೆಯ ಅಧ್ಯಾಯ ಪೂರ್ತಿಯಾಗಿ ಇದಕ್ಕೇ ಮೀಸಲು. ಹಾಲು, ತುಪ್ಪ, ಉದ್ದು, ಅಶ್ವಗಂಧ, ನಸುಗುನ್ನಿ, ಶತಾವರಿ, ನೆಗ್ಗಿಲು ಇವೆಲ್ಲ ಆ ಪರಂಪರೆಯ ಸಾಮಗ್ರಿಗಳು. ಇವು ದೇಹವನ್ನು ನಿಧಾನವಾಗಿ ಪುಷ್ಟಿಗೊಳಿಸಲೆಂದು ಹೇಳಿದವು. 

ಆದರೆ ಜಾತ್ರೆಯ ಬದಿಯ ಡೇರೆಯಲ್ಲಿ, ತಿಂಗಳಿಗೊಮ್ಮೆ ಲಾಡ್ಜಿನ ಕೋಣೆಗೆ ಬರುವ ‘ಗುಪ್ತರೋಗ ತಜ್ಞ’ನ ಬಳಿ ಸಿಗುವ ಪುಡಿ ‘ಇಂದೇ ಪರಿಣಾಮ’ ಎನ್ನುತ್ತದೆ. ಇಂತಹ ಜಾಹೀರಾತನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯಿದೆ ನಿಷೇಧಿಸಿದೆ. ಗೋಡೆಗಳಿಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿಲ್ಲ! ಅಮೆರಿಕದಲ್ಲಿ 2007ರಿಂದ 2016ರವರೆಗೆ ‘ನೈಸರ್ಗಿಕ’ ಎಂದು ಮಾರಾಟವಾದ 776 ಪೂರಕ ಉತ್ಪನ್ನಗಳಲ್ಲಿ, ಚೀಟಿಯಲ್ಲಿ ಹೇಳದ ಔಷಧಿಗಳನ್ನು ಅಲ್ಲಿನ ಔಷಧ ಆಡಳಿತ ಪತ್ತೆ ಮಾಡಿತ್ತು. 2018ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅವುಗಳಲ್ಲಿ ಶೇ 45ಕ್ಕೂ ಹೆಚ್ಚು ಲೈಂಗಿಕ ಶಕ್ತಿಯ ಹೆಸರಿನವು. ಅವುಗಳಲ್ಲಿ ಹೆಚ್ಚಾಗಿ ಕಂಡ ಗುಟ್ಟಿನ ವಸ್ತು ಸಿಲ್ಡೆನಾಫಿಲ್! ಬೇರಿನ ಪುಡಿಯೊಂದು ಒಂದೇ ಗಂಟೆಯಲ್ಲಿ ಕೆಲಸ ಮಾಡಿತೆಂದರೆ ಗಿಡಮೂಲಿಕೆಯನ್ನು ಹೊಗಳುವ ಮೊದಲು ಅನುಮಾನ ಪಡಬೇಕು.

ಅಳತೆಯ ಪ್ರಶ್ನೆ ಬರುವುದೇ ಇಲ್ಲಿ. ಸಿಲ್ಡೆನಾಫಿಲ್ ಮಾತ್ರೆ 25, 50, 100 ಮಿಲಿಗ್ರಾಂ ಪ್ರಮಾಣಗಳಲ್ಲಿ ಬರುತ್ತದೆ; ವಯಸ್ಸು, ಯಕೃತ್ತು, ಮೂತ್ರಪಿಂಡಗಳ ಸ್ಥಿತಿ ನೋಡಿ ವೈದ್ಯರು ಆರಿಸುತ್ತಾರೆ. ಪುಡಿಯಲ್ಲಿ ಎಷ್ಟಿದೆಯೋ ಮಾರುವವನಿಗೂ ತಿಳಿಯದು. ತಲೆನೋವು, ಮುಖ ಬಿಸಿಯೇರುವುದು, ಮೂಗು ಕಟ್ಟುವುದು, ಕಣ್ಣಿಗೆ ನೀಲಿ ಛಾಯೆ ಕಾಣುವುದು ತಿಳಿದ ಅಡ್ಡ ಪರಿಣಾಮಗಳು. ನಾಲ್ಕು ಗಂಟೆ ಕಳೆದರೂ ನಿಮಿರು ಇಳಿಯದಿದ್ದರೆ ಅದು ತುರ್ತು ಚಿಕಿತ್ಸೆಯ ಸಂದರ್ಭ.

ಕೇಳಬೇಕಾದ ಪ್ರಶ್ನೆ

ಮೂರೂ ಬಗೆಯ ಮದ್ದಿಗೆ ಸಮಾನವಾದ ಅಪಾಯ ಒಂದಿದೆ. ಎದೆನೋವು ಬಂದವರಿಗೆ ನಾಲಿಗೆಯ ಕೆಳಗೆ ಇಟ್ಟುಕೊಳ್ಳಲು ಕೊಡುವ ಸಾರ್ಬಿಟ್ರೇಟ್‌ನಂತಹ ಮಾತ್ರೆಗಳು ನೈಟ್ರೇಟ್ ಗುಂಪಿಗೆ ಸೇರಿದವು. ಅವು ದೇಹದ ಎಲ್ಲ ತೂಬುಗಳನ್ನೂ ಒಟ್ಟಿಗೆ ತೆರೆಯುತ್ತವೆ. ಅದೇ ಹೊತ್ತಿಗೆ ಮುಚ್ಚುವವನ ಕೈಯನ್ನು ಸಿಲ್ಡೆನಾಫಿಲ್ ಹಿಡಿದಿದ್ದರೆ ರಕ್ತದೊತ್ತಡ ಏಕಾಏಕಿ ಕುಸಿದು ಪ್ರಾಣವೇ ಹೋಗಬಹುದು. ನೈಟ್ರೇಟ್ ತೆಗೆದುಕೊಳ್ಳುವವರು ಈ ಮಾತ್ರೆಯನ್ನು ಮುಟ್ಟುವಂತೆಯೇ ಇಲ್ಲ. ಸಿಲ್ಡೆನಾಫಿಲ್ ನುಂಗಿದ 24 ಗಂಟೆಯೊಳಗೆ, ಟಡಾಲಾಫಿಲ್ ಆದರೆ 48 ಗಂಟೆಯೊಳಗೆ ಎದೆನೋವು ಬಂದರೆ, ನಾಚಿಕೆ ಬದಿಗಿಟ್ಟು ಆಸ್ಪತ್ರೆಯಲ್ಲಿ ಮೊದಲು ಹೇಳಬೇಕಾದ ಮಾತು ಅದೇ. ಪ್ರಾಸ್ಟೇಟ್ ತೊಂದರೆಗೂ ರಕ್ತದೊತ್ತಡಕ್ಕೂ ಮಾತ್ರೆ ನುಂಗುವವರು ವೈದ್ಯರಿಗೆ ಅದನ್ನು ಮೊದಲೇ ತಿಳಿಸಬೇಕು. ಹೆಸರಿಲ್ಲದ ಪುಡಿ ತಿಂದವನಿಗಾದರೋ ತಾನು ಏನು ತಿಂದೆನೆಂದು ಹೇಳಲೂ ಆಗದು.

ಇನ್ನೊಂದು ಕಾರಣಕ್ಕೂ ಈ ಮೌನ ದುಬಾರಿ. ನಿಮಿರು ದೌರ್ಬಲ್ಯ ಅನೇಕ ಸಲ ಬೇರೊಂದು ಕಾಯಿಲೆಯ ಮುನ್ಸೂಚನೆ. ಜನನಾಂಗದ ರಕ್ತನಾಳಗಳು ಹೃದಯದ ನಾಳಗಳಿಗಿಂತ ಸಣ್ಣವು. ನಾಳಗಳು ಕಟ್ಟಿಕೊಳ್ಳಲು ಶುರುವಾದರೆ ತೊಂದರೆ ಮೊದಲು ಕಾಣುವುದು ಸಣ್ಣದರಲ್ಲಿ. ಹೃದಯದ ಲಕ್ಷಣಗಳು ಕಾಣುವ ಕೆಲವು ವರ್ಷ ಮೊದಲೇ ಈ ಸೂಚನೆ ಸಿಗಬಹುದು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬೀಡಿ ಸಿಗರೇಟು, ಕುಡಿತ, ಮಾನಸಿಕ ಖಿನ್ನತೆ ಎಲ್ಲವೂ ಕಾರಣವಾಗಬಲ್ಲವು. ಅಂಗಡಿಯಿಂದ ಮಾತ್ರೆ ತಂದು ನುಂಗಿದವನಿಗೆ ಆ ರಾತ್ರಿ ಕಳೆಯಬಹುದು, ಆದರೆ ರಕ್ತದ ಸಕ್ಕರೆ ಎಷ್ಟಿದೆ ಎಂಬುದು ತಿಳಿಯದೇ ಉಳಿಯುತ್ತದೆ. ಈ ಮೌನದ ಬೆಲೆಯನ್ನು ಹೆಣ್ಣೂ ತೆರುತ್ತಾಳೆ. ಮಕ್ಕಳಾಗದ ಮನೆಯಲ್ಲಿ ಗಂಡನ ತೊಂದರೆ ಮುಚ್ಚಿಹೋಗಿ, ಹೆಂಡತಿಗೆ ಹರಕೆ, ಪರೀಕ್ಷೆ, ಕೊನೆಗೆ ಬಂಜೆ ಎಂಬ ಮಾತು.

ಮರೆಯ ವಿಷಯವನ್ನು ಆಸ್ಪತ್ರೆಗೆ ತರುವ ಧೈರ್ಯ ಈ ನಾಡಿಗೆ ಹೊಸದೇನೂ ಅಲ್ಲ. ಸಂತಾನ ನಿಯಂತ್ರಣದ ಮಾತೆತ್ತಲು ಜಗತ್ತೇ ಹಿಂಜರಿಯುತ್ತಿದ್ದ 1930ರಲ್ಲಿ ಸರ್ಕಾರಿ ಆಸ್ಪತ್ರೆಯಲ್ಲೇ ಅದಕ್ಕೆ ಕ್ಲಿನಿಕ್ ತೆರೆದದ್ದು ಮೈಸೂರು ಸಂಸ್ಥಾನ. ಇಂದು ನಾಗಮಂಗಲ, ಪಾಂಡವಪುರ, ಕೆ.ಆರ್. ಪೇಟೆ, ಶ್ರೀರಂಗಪಟ್ಟಣಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ, ಬಿ.ಜಿ. ನಗರದಲ್ಲೂ ಮಂಡ್ಯದಲ್ಲೂ ವೈದ್ಯಕೀಯ ಕಾಲೇಜುಗಳಿವೆ. ಅಲ್ಲಿ ಚೀಟಿ ಬರೆಸಿಕೊಂಡವನು ಬಿಲ್ಲು ಕೇಳಿ, ಪಟ್ಟಿಯ ಮೇಲೆ ವಸ್ತುವಿನ ಹೆಸರು, ಮಿಲಿಗ್ರಾಂ, ಬ್ಯಾಚ್ ಸಂಖ್ಯೆ, ತಯಾರಕನ ಪರವಾನಗಿ, ಅವಧಿ ಮುಗಿಯುವ ದಿನ ನೋಡಿಕೊಂಡರೆ, ಅಗ್ಗದ ಜನರಿಕ್ ಮಾತ್ರೆಯನ್ನೇ ನಿಶ್ಚಿಂತೆಯಿಂದ ಕೊಳ್ಳಬಹುದು. ಹೆಸರಿಗೆಂದು ಹೆಚ್ಚು ದುಡ್ಡು ಸುರಿಯುವ ಅಗತ್ಯವಿಲ್ಲ.

‘ಕಂಪ್ನೀದು ಕೊಡ್ಲಾ, ಕಮ್ಮೀದು ಸಾಕಾ’ ಎಂಬುದು ಜೇಬಿಗೆ ಸಂಬಂಧಿಸಿದ ಪ್ರಶ್ನೆ. ಜೀವಕ್ಕೆ ಸಂಬಂಧಿಸಿದ ಪ್ರಶ್ನೆ ಬೇರೆ ಇದೆ. ಅದನ್ನು ಕೇಳಬೇಕಾದವರು ವೈದ್ಯರು, ಉತ್ತರಿಸಬೇಕಾದವನು ರೋಗಿ: ‘ಇದರ ಜೊತೆ ಬೇರೆ ಯಾವ ಮಾತ್ರೆ ತಗೊಳ್ತಾ ಇದೀರಿ?’